ಫಾರಿನ್ ಕಂಪನಿ ಮುಂಬೈಲಿ ಸೇತುವೆ ಕಟ್ಬೇಕಂದ್ರೆ ಯಾವ್ಯಾವ ಬಾಗಿಲು ತಟ್ಬೇಕು?

ಶಿವಡಿಯಿಂದ ಅಟಲ್ ಸೇತು ಹತ್ತಿದ್ರೆ 21.8 ಕಿಲೋಮೀಟರ್, 2024ರ ಜನವರಿ 12ಕ್ಕೆ ಓಪನ್ ಆಯ್ತು. ಕಟ್ಟಿದವರಲ್ಲಿ ಎಲ್ ಅಂಡ್ ಟಿ ಜೊತೆ ಜಪಾನಿನ ಐಎಚ್‌ಐ ಇತ್ತು, ಟಾಟಾ ಪ್ರಾಜೆಕ್ಟ್ಸ್ ಜೊತೆ ಕೊರಿಯಾದ ಡೇವೂ ಇತ್ತು, ದುಡ್ಡಲ್ಲಿ ದೊಡ್ಡ ಪಾಲು ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾ ಕೊಟ್ಟ ಸಾಲ. ಇಂಥ ಕಂಪನಿಗಳು ಇಲ್ಲಿ ಬಂದು ಕೆಲಸ ಮಾಡೋಕೆ ಏನೇನ್ ಮಾಡ್ಸ್ಬೇಕು ಅಂತ ನನ್ನನ್ನ ಕೇಳೋರು ಎರಡು ಥರ. ಒಂದು, ಪ್ರಾಜೆಕ್ಟ್ ಆಫೀಸಲ್ಲಿ ಅಕೌಂಟ್ಸ್ ಕೆಲಸಕ್ಕೆ ಸೇರಿದ ನಮ್ಮ ಹುಡುಗ್ರು. ಇನ್ನೊಂದು, ಠಾಣೆ, ಪುಣೆ ಕಡೆ ಸೆಂಟ್ರಿಂಗ್, ಬಾರ್ ಬೆಂಡಿಂಗ್ ಸಬ್ ಕಾಂಟ್ರಾಕ್ಟ್ ತಗೊಳೋ ನಮ್ಮೂರವ್ರು. ಇಬ್ಬರಿಗೂ ಸೇರಿಸೇ ಬರೀತಿದೀನಿ.

ಮೊದಲು ಒಂದು ವಿಷ್ಯ ತಲೇಲಿ ಇಟ್ಕೊಳ್ಳಿ. ಪ್ರಾಜೆಕ್ಟ್ ಆಫೀಸ್ ಅಂದ್ರೆ ಜಾತ್ರೆಗೆ ಹಾಕಿದ ಅಂಗಡಿ ಇದ್ದಂಗೆ, ಫಾರಿನ್ ಕಂಪನಿ ಒಂದು ಕಾಂಟ್ರಾಕ್ಟಿಗೋಸ್ಕರ ಹಾಕೋದು, ಅದು ಮುಗಿದ ಮೇಲೆ ಬಿಚ್ಕೊಂಡು ಹೋಗೋದು. ಹತ್ತು ವರ್ಷ ಇಲ್ಲೇ ಇದ್ದು ಬೇರೆ ಬೇರೆ ಟೆಂಡರ್ ಹಾಕ್ಬೇಕು ಅನ್ನೋರು ಇಲ್ಲೇ ಒಂದು ಪ್ರೈವೇಟ್ ಲಿಮಿಟೆಡ್ ಮಾಡ್ಕೊಳ್ತಾರೆ. ಟ್ಯಾಕ್ಸಲ್ಲೂ ವ್ಯತ್ಯಾಸ ಇದೆ, ಫಾರಿನ್ ಕಂಪನಿಗೆ ಈಗ 35 ಪರ್ಸೆಂಟ್ (2024ರ ಬಜೆಟ್‌ಗೆ ಮುಂಚೆ 40 ಇತ್ತು), ಇಲ್ಲಿನ ಕಂಪನಿಗೆ ಬೇರೆ ರಿಯಾಯಿತಿ ಬಿಟ್ಕೊಟ್ರೆ 22, ಎರಡರ ಮೇಲೂ ಸರ್ಚಾರ್ಜ್ ಸೆಸ್ ಬೇರೆ.

ಈಗ ಶುರು ಮಾಡೋಣ. ಎಲ್ಲಕ್ಕಿಂತ ಮುಂಚೆ ಕೈಲಿ ಕಾಂಟ್ರಾಕ್ಟ್ ಇರ್ಬೇಕು. ಭಾರತದ ಕಂಪನಿ ಕೊಟ್ಟ ವರ್ಕ್ ಆರ್ಡರ್ ಇಲ್ದೆ ಪ್ರಾಜೆಕ್ಟ್ ಆಫೀಸ್ ಅನ್ನೋ ಮಾತೇ ಇಲ್ಲ. ಜೊತೆಗೆ ನಾಲ್ಕರಲ್ಲಿ ಒಂದಾದ್ರೂ ಹೊಂದ್ಬೇಕು: ಕೆಲಸದ ದುಡ್ಡು ನೇರ ಹೊರಗಿಂದ ಬರ್ತಿರ್ಬೇಕು, ಇಲ್ಲಾ ಜೈಕಾ, ವರ್ಲ್ಡ್ ಬ್ಯಾಂಕ್ ಥರದ ಸಂಸ್ಥೆ ಸಾಲ ಕೊಟ್ಟಿರ್ಬೇಕು, ಇಲ್ಲಾ ಪ್ರಾಜೆಕ್ಟಿಗೆ ಸಂಬಂಧಪಟ್ಟ ಸರ್ಕಾರಿ ಪ್ರಾಧಿಕಾರದ ಕ್ಲಿಯರೆನ್ಸ್ ಸಿಕ್ಕಿರ್ಬೇಕು, ಇಲ್ಲಾ ಕೆಲಸ ಕೊಟ್ಟ ಕಂಪನಿಗೆ ಇಲ್ಲಿನ ಬ್ಯಾಂಕೋ ಹಣಕಾಸು ಸಂಸ್ಥೆಯೋ ಟರ್ಮ್ ಲೋನ್ ಕೊಟ್ಟಿರ್ಬೇಕು. ಅಟಲ್ ಸೇತು ಥರದ್ದಕ್ಕೆ ಎರಡನೇದು ಸಲೀಸಾಗಿ ಹೊಂದುತ್ತೆ.

ಇದಾದ್ಮೇಲೆ ಬ್ಯಾಂಕ್. ಇಲ್ಲೇ ಜನ ಎಡವೋದು. ಆರ್‌ಬಿಐ ನಿಯಮ ಅಂದ ತಕ್ಷಣ ಫೈಲ್ ಹಿಡ್ಕೊಂಡು ಫೋರ್ಟ್‌ನಲ್ಲಿರೋ ಆ ದೊಡ್ಡ ಬಿಲ್ಡಿಂಗ್‌ಗೆ ಹೋಗೋಕೆ ನೋಡ್ತಾರೆ, ಅಲ್ಲಿ ಸೆಕ್ಯೂರಿಟಿ ದಾಟೋದೂ ಇಲ್ಲ. ಮೇಲೆ ಹೇಳಿದ ಕಂಡೀಶನ್ ಹೊಂದಿದ್ರೆ ಆರ್‌ಬಿಐ ಜನರಲ್ ಪರ್ಮಿಶನ್ ಮೊದಲೇ ಕೊಟ್ಟಿರುತ್ತೆ, ಫಾರಿನ್ ಎಕ್ಸ್‌ಚೇಂಜ್ ವ್ಯವಹಾರ ಮಾಡೋ ಎಡಿ ಕೆಟಗರಿ 1 ಬ್ಯಾಂಕಿಗೆ ಪೇಪರ್ಸ್ ಕೊಟ್ರೆ ಅವರೇ ನೋಡಿ ಆರ್‌ಬಿಐಗೆ ರಿಪೋರ್ಟ್ ಮಾಡ್ತಾರೆ. ಪಾಕಿಸ್ತಾನದ ಕಂಪನಿಯಾದ್ರೆ ಮಾತ್ರ ಕತೆನೇ ಬೇರೆ, ಮೊದಲೇ ಅನುಮತಿ ಬೇಕು. ಅಕೌಂಟೂ ಅದೇ ಬ್ಯಾಂಕಲ್ಲಿ, ಫಾರಿನ್ ಕರೆನ್ಸಿ ಅಕೌಂಟ್ ಎರಡರವರೆಗೆ ತೆರೀಬಹುದು, ಸಾಮಾನ್ಯವಾಗಿ ಒಂದು ಡಾಲರ್, ಒಂದು ಅವರೂರಿನ ದುಡ್ಡು, ಬಡ್ಡಿ ಮಾತ್ರ ಸಿಗಲ್ಲ.

ಆಫೀಸ್ ತೆರೆದ ದಿನದಿಂದ 30 ದಿನದೊಳಗೆ ಕಂಪನಿ ರಿಜಿಸ್ಟ್ರಾರ್‌ಗೆ ಫಾರ್ಮ್ ಎಫ್‌ಸಿ-1 (ಫಾರಿನ್ ಕಂಪನಿ ರಿಜಿಸ್ಟರ್ ಮಾಡ್ಸೋ ಫಾರ್ಮ್) ಹೋಗ್ಬೇಕು, 2013ರ ಕಂಪನಿ ಕಾಯ್ದೆಯ 380ನೇ ಸೆಕ್ಷನ್. ಮರೀನ್ ಡ್ರೈವ್‌ನಲ್ಲಿರೋ ಮುಂಬೈ ಆಫೀಸಿಗೆ ಅಲೆಯೋದೇನಿಲ್ಲ, ಎಲ್ಲಾ ಆನ್‌ಲೈನ್. ಆದ್ರೆ 30 ದಿನ ಅಂದ್ರೆ ತುಂಬಾ ಅನ್ಸುತ್ತಲ್ಲ, ಅದು ಮೋಸ. ಕಂಪನಿಯ ಚಾರ್ಟರ್ (ಕಂಪನಿ ಹುಟ್ಟುಹಾಕಿದ ಮೂಲ ದಾಖಲೆ), ಡೈರೆಕ್ಟರ್‌ಗಳ ಪಟ್ಟಿ, ಭಾರತದಲ್ಲಿ ನೋಟಿಸ್ ತಗೊಳೋಕೆ ಒಪ್ಪಿರೋ ಇಲ್ಲಿನ ಒಬ್ಬರ ಹೆಸರು ವಿಳಾಸ, ಇವೆಲ್ಲಾ ಬೇಕು. ಚಾರ್ಟರ್ ಜಪಾನೀಸಲ್ಲೋ ಕೊರಿಯನ್ನಲ್ಲೋ ಇದ್ರೆ ಸರ್ಟಿಫೈ ಆದ ಇಂಗ್ಲಿಷ್ ಅನುವಾದ, ಅದರ ಮೇಲೆ ಅವರ ದೇಶದಲ್ಲೇ ನೋಟರಿ, ಅಪೋಸ್ಟಿಲ್ (ಬೇರೆ ದೇಶದಲ್ಲೂ ಕಾಗದ ನಡೆಯೋಕೆ ಹಾಕೋ ಸರ್ಕಾರಿ ಮುದ್ರೆ). ಅದಕ್ಕೇ ನಾನು ಯಾವಾಗ್ಲೂ ಹೇಳೋದು, ಟೆಂಡರ್ ಹಾಕೋವಾಗ್ಲೇ ಅಪೋಸ್ಟಿಲ್‌ಗೆ ಕೊಟ್ಬಿಡಿ ಅಂತ, ಯಾರೂ ಕೇಳಲ್ಲ, ಆಮೇಲೆ 27ನೇ ದಿನ ನನಗೇ ಫೋನ್.

ಇನ್ನೊಂದು ಮಜಾ ಇದೆ. 382ನೇ ಸೆಕ್ಷನ್ ಪ್ರಕಾರ ಆಫೀಸಿನ ಹೊರಗೆ ಕಂಪನಿ ಹೆಸರು, ಯಾವ ದೇಶದಲ್ಲಿ ಹುಟ್ಟಿದ್ದು ಅನ್ನೋದು ಇಂಗ್ಲಿಷ್ ಲಿಪಿಯಲ್ಲೂ ಆ ಊರಿನ ಭಾಷೆಯ ಲಿಪಿಯಲ್ಲೂ ಇರ್ಬೇಕು. ಅಂದ್ರೆ ಇಲ್ಲಿ ಮರಾಠಿ ಬೋರ್ಡ್ ಕಡ್ಡಾಯ, ಕೊರಿಯಾದ ಸೋಲ್‌ನಿಂದ ಬಂದವರಿಗೂ ಬಿಟ್ಟಿದ್ದಲ್ಲ.

ಪ್ಯಾನ್, ಟ್ಯಾನ್ (ಟಿಡಿಎಸ್ ಕಟ್ಟೋಕೆ ಬೇಕಾದ ನಂಬರ್), ಜಿಎಸ್‌ಟಿ ನಿಮಗೆ ಗೊತ್ತಿರೋದೇ, ಬೇಗ ಆಗುತ್ತೆ. ಸೈಟ್ ಶುರು ಆದ್ಮೇಲೆ ಕಟ್ಟಡ ಕಾರ್ಮಿಕರ ಸೆಸ್ಸು, ಮಹಾರಾಷ್ಟ್ರದಲ್ಲಿ ಕಟ್ಟೋ ವೆಚ್ಚದ ಒಂದು ಪರ್ಸೆಂಟ್. ಹೊರಗಿಂದ ಬರೋ ಇಂಜಿನಿಯರ್‌ಗಳು ಎಂಪ್ಲಾಯ್ಮೆಂಟ್ ವೀಸಾ ಮೇಲೆ 180 ದಿನಕ್ಕಿಂತ ಜಾಸ್ತಿ ಇರೋದಾದ್ರೆ ಬಂದ 14 ದಿನದೊಳಗೆ ಎಫ್‌ಆರ್‌ಆರ್‌ಒ (ವಿದೇಶಿಯರ ನೋಂದಣಿ ಆಫೀಸ್) ರಿಜಿಸ್ಟ್ರೇಶನ್.

ವರ್ಷ ವರ್ಷದ ಕೆಲಸವೂ ಇದೆ. ಫೈನಾನ್ಶಿಯಲ್ ಇಯರ್ ಮುಗಿದ 60 ದಿನದಲ್ಲಿ ವಾರ್ಷಿಕ ರಿಟರ್ನ್ ಎಫ್‌ಸಿ-4, ಆರು ತಿಂಗಳಲ್ಲಿ ಲೆಕ್ಕಪತ್ರದ ಜೊತೆ ಎಫ್‌ಸಿ-3, ಸಿಎ ಸಹಿಯ ಆಕ್ಟಿವಿಟಿ ಸರ್ಟಿಫಿಕೇಟ್ ಬ್ಯಾಂಕಿಗೆ.

ಸಬ್ ಕಾಂಟ್ರಾಕ್ಟರ್ಸ್, ಇದು ನಿಮಗೆ. ಕಂಪನಿ ಎಫ್‌ಸಿ-1 ಹಾಕಿಲ್ಲ ಅಂದ್ರೆ ನಿಮ್ಮ ಕರಾರು ಬಿದ್ದೋಗಲ್ಲ, ಹೆದರ್ಬೇಡಿ. 393ನೇ ಸೆಕ್ಷನ್ ಹೇಳೋದೇ ಬೇರೆ: ನೀವು ಅವರ ಮೇಲೆ ಕೇಸ್ ಹಾಕ್ಬಹುದು, ಅವರು ಪೇಪರ್ ಸರಿ ಮಾಡ್ಕೊಳೋ ತನಕ ನಿಮ್ಮ ಮೇಲೆ ದಾವೆ, ಕೌಂಟರ್ ಕ್ಲೇಮ್ ಏನೂ ಹಾಕೋಹಾಗಿಲ್ಲ. ದಂಡ ಬೇರೆ ಇದೆ, 1 ಲಕ್ಷದಿಂದ 3 ಲಕ್ಷ, ತಪ್ಪು ಮುಂದುವರಿದ್ರೆ ದಿನಕ್ಕೆ 50,000 ರೂಪಾಯಿವರೆಗೆ. ಪುಣೆಯಲ್ಲಿ ನನಗೆ ಗೊತ್ತಿರೋ ಒಬ್ಬರು ಶಟರಿಂಗ್ ಮಾಡೋರು, ಬಿಲ್ ತಡ ಆದಾಗ "ಅವ್ರ ಎಫ್‌ಸಿ-1 ತೋರ್ಸಿ ಅನ್ನಿ" ಅಂದೆ, ಅವರು ಕೇಳಿದ್ರು, ಮ್ಯಾನೇಜರ್ ಮುಖ ನೋಡೋ ಹಾಗಿತ್ತಂತೆ.

ಕೊನೆಗೆ ಅಂಗಡಿ ಬಿಚ್ಚೋ ಹೊತ್ತು. ಉಳಿದ ದುಡ್ಡು ಊರಿಗೆ ಕಳಿಸ್ಬೇಕಂದ್ರೆ ಭಾರತದಲ್ಲಿ ಕೊಡ್ಬೇಕಾದ ಬಾಕಿ ಎಲ್ಲಾ, ಕೆಲಸದವರ ಗ್ರಾಚ್ಯುಟಿ ಸಮೇತ, ಕೊಟ್ಟಾಯ್ತು ಇಲ್ಲಾ ಅದಕ್ಕೆ ದುಡ್ಡು ಎತ್ತಿಟ್ಟಾಯ್ತು ಅಂತ ಆಡಿಟರ್ ಬರ್ಕೊಡ್ಬೇಕು, ಇಲ್ಲಿನ ಯಾವ ಕೋರ್ಟಲ್ಲೂ ಕೇಸಿಲ್ಲ ಅಂತ ಕಂಪನಿ ಬರ್ಕೊಡ್ಬೇಕು, ಇನ್ಕಮ್ ಟ್ಯಾಕ್ಸ್ ಕ್ಲಿಯರ್ ಇರ್ಬೇಕು, ಆಗ್ಲೇ ಬ್ಯಾಂಕ್ ಬಿಡೋದು. ನಿಮ್ಮ ರಿಟೆನ್ಶನ್ ಮನಿ (ಬಿಲ್ಲಲ್ಲಿ ಹಿಡಿದಿಟ್ಕೊಂಡ ದುಡ್ಡು) ಇನ್ನೂ ಬಂದಿಲ್ಲ ಅಂದ್ರೆ ಆ ಆಡಿಟರ್ ಯಾರು ಅಂತ ವಿಚಾರಿಸಿ, ಬಾಕಿಯ ಕಾಗದ ಕಂಪನಿಗೂ ಆಡಿಟರ್‌ಗೂ ಸ್ಪೀಡ್ ಪೋಸ್ಟಲ್ಲಿ ಹಾಕಿ, ರಸೀದಿ ಜೋಪಾನ. ಕಂಟೇನರ್ ಆಫೀಸು ಟ್ರೇಲರ್ ಮೇಲೆ ಹತ್ತಿದ ಮೇಲೆ ಬಂದು ನನ್ನ ಕೇಳ್ಬೇಡಿ.