ಕೊಳ ಹಸಿರಾಗಿದೆಯೇ? ಒಮ್ಮೆ ಸುರಿದರೆ ಸಾಲದು
ಮನೆಯ ಈಜುಕೊಳ ಹಸಿರಾದರೆ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಕೈಗೆ ಸಿಕ್ಕ ಕ್ಲೋರಿನ್ ಪುಡಿಯನ್ನು ಡಬ್ಬಿಗಟ್ಟಲೆ ಸುರಿಯುತ್ತಾರೆ, ಮರುದಿನ ಬಣ್ಣ ತುಸು ತಿಳಿಯಾದರೆ ಗೆದ್ದೆವೆಂದು ಸುಮ್ಮನಾಗುತ್ತಾರೆ. ವಾರ ಕಳೆಯುವುದರೊಳಗೆ ಪಾಚಿ ಮತ್ತೆ ಹಾಜರ್. ಒಂದೇ ಸಲ ಸುರಿದ ಕ್ಲೋರಿನ್ ಪಾಚಿಯ ಜೊತೆ ಸೆಣಸಿ ಗಂಟೆಗಳಲ್ಲೇ ಖರ್ಚಾಗಿಬಿಡುತ್ತದೆ. ಪಾಚಿ ಪೂರ್ತಿ ಸಾಯುವವರೆಗೆ ಕ್ಲೋರಿನ್ ಮಟ್ಟ ಇಳಿಯದಂತೆ ನೋಡಿಕೊಳ್ಳಬೇಕು.

ನೀರು ಹಸಿರಾಗಿದ್ದರೂ ಗಾಜಿನಂತೆ ತಿಳಿಯಾಗಿದ್ದರೆ, ಅದು ಪಾಚಿಯಲ್ಲ, ತಾಮ್ರ ಇರಬಹುದು. ಪಾಚಿನಾಶಕ ಎಂದು ಮಾರುವ ಹಲವು ದ್ರಾವಣಗಳಲ್ಲಿ ಇರುವುದೇ ತಾಮ್ರ. ಕೊಳದ ಗೋಡೆಗೆ ಕಲೆ ಹಿಡಿಸುವುದೂ, ತಿಳಿಬಣ್ಣದ ಕೂದಲನ್ನು ಹಸಿರಾಗಿಸುವುದೂ ಅದೇ. ಅಂಥ ಬಾಟಲಿಗಳನ್ನು ಕೊಳ್ಳಲೇಬೇಡಿ.

ಒಂದು: ಪರೀಕ್ಷೆ. ಕಾಗದದ ಪಟ್ಟಿ ಬೇಡ, ಹನಿ ಹಾಕಿ ನೋಡುವ ಕಿಟ್ ತನ್ನಿ. ನೋಡಬೇಕಾದ್ದು ಮೂರು: ಪಿಎಚ್, ಕ್ಲೋರಿನ್ ಮತ್ತು ಸ್ಟೆಬಿಲೈಸರ್, ಅಂದರೆ ಸಯನ್ಯೂರಿಕ್ ಆಮ್ಲ. ಈ ಮೂರನೆಯದನ್ನು ಯಾರೂ ನೋಡುವುದಿಲ್ಲ, ಕೈಕೊಡುವುದೂ ಅದೇ. ಅದು ಬಿಸಿಲಿನಿಂದ ಕ್ಲೋರಿನ್ನನ್ನು ಕಾಪಾಡುತ್ತದೆ, 30ರಿಂದ 50 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ) ಇದ್ದರೆ ಒಳ್ಳೆಯದು. ಹೆಚ್ಚಾದರೆ ಕ್ಲೋರಿನ್ನನ್ನು ಹಿಡಿದಿಟ್ಟುಕೊಂಡು ಪಾಚಿಯ ತಂಟೆಗೆ ಹೋಗಲು ಬಿಡುವುದಿಲ್ಲ. ಟ್ರೈಕ್ಲೋರ್ ಎಂಬ ಕ್ಲೋರಿನ್ ಮಾತ್ರೆಗಳು ಸೇರಿಸುವ ಪ್ರತಿ 10 ಪಿಪಿಎಂ ಕ್ಲೋರಿನ್ ಜೊತೆಗೆ ಸುಮಾರು 6 ಪಿಪಿಎಂ ಸ್ಟೆಬಿಲೈಸರ್ ಕೂಡ ನೀರಿಗೆ ಸೇರುತ್ತದೆ. ವರ್ಷಪೂರ್ತಿ ಮಾತ್ರೆಯನ್ನೇ ನಂಬಿದವರ ಕೊಳ ಹಸಿರಾಗುವುದು ಹೀಗೆ. ಸ್ಟೆಬಿಲೈಸರ್ 100 ದಾಟಿದ್ದರೆ ಅರ್ಧ ನೀರು ಬದಲಿಸಿ, ಬೇರೆ ಸುಲಭದ ದಾರಿಯಿಲ್ಲ. ಪೂರ್ತಿ ಮಾತ್ರ ಬರಿದು ಮಾಡಬೇಡಿ, ನೆಲದಡಿಯ ನೀರಿನ ಒತ್ತಡಕ್ಕೆ ಖಾಲಿ ತೊಟ್ಟಿಯೇ ಮೇಲೆದ್ದೀತು.

ಎರಡು: ಪಿಎಚ್. ಆಸಿಡ್ ಹಾಕಿ 7.2ಕ್ಕೆ ಇಳಿಸಿ. ಕ್ಲೋರಿನ್ ಏರಿಸುವ ಮುಂಚೆಯೇ ಇದು ಮುಗಿಯಬೇಕು, ಏಕೆಂದರೆ ಕ್ಲೋರಿನ್ 10 ಪಿಪಿಎಂ ದಾಟಿದ ಮೇಲೆ ಪಿಎಚ್ ಹನಿ ತೋರಿಸುವ ಬಣ್ಣವನ್ನು ನಂಬುವಂತಿಲ್ಲ. ಆಸಿಡ್ ಮತ್ತು ಕ್ಲೋರಿನ್ ಒಂದೇ ಬಕೆಟ್ಟಿಗೆ ಬಿದ್ದರೆ ವಿಷಾನಿಲ ಏಳುತ್ತದೆ. ಎರಡಕ್ಕೂ ಬೇರೆ ಬೇರೆ ಪಾತ್ರೆ ಇಟ್ಟುಕೊಳ್ಳಿ.

ಮೂರು: ಏರಿಸಿ, ಹಿಡಿದಿಡಿ. ಜನ ಎಡವುವುದು ಇಲ್ಲಿಯೇ. ಸ್ಟೆಬಿಲೈಸರ್ ಎಷ್ಟಿದೆಯೋ ಅದರ ಸುಮಾರು ಶೇ 40ರಷ್ಟು ಕ್ಲೋರಿನ್ ಬೇಕು: 30 ಇದ್ದರೆ 12 ಪಿಪಿಎಂ, 50 ಇದ್ದರೆ 20. ನನ್ನ ಆಯ್ಕೆ ದ್ರವ ಕ್ಲೋರಿನ್, ಅದು ಸ್ಟೆಬಿಲೈಸರನ್ನೂ ಕ್ಯಾಲ್ಸಿಯಮನ್ನೂ ಹೆಚ್ಚಿಸುವುದಿಲ್ಲ. ಲೆಕ್ಕ ಸುಲಭ: 10,000 ಲೀಟರ್ ನೀರಿಗೆ ಶೇ 10ರ ದ್ರವ ಒಂದು ಲೀಟರ್ ಹಾಕಿದರೆ 10 ಪಿಪಿಎಂ ಏರುತ್ತದೆ. ಬಿಸಿಲಲ್ಲಿ ತಿಂಗಳುಗಟ್ಟಲೆ ಕೂತ ಕ್ಯಾನ್ ಅಷ್ಟು ಬಲ ಉಳಿಸಿಕೊಂಡಿರುವುದಿಲ್ಲ, ಹೊಸದನ್ನೇ ಕೇಳಿ.

ಪಂಪ್ ಓಡುತ್ತಿರುವಾಗ, ನೀರು ಮರಳಿ ಕೊಳಕ್ಕೆ ಬರುವ ಬಾಯಿಯ ಮುಂದೆ ನಿಧಾನವಾಗಿ ಸುರಿಯಿರಿ. ಗಂಟೆ ಬಿಟ್ಟು ಅಳೆಯಿರಿ. ನಿಮ್ಮ 12 ಈಗ 5ಕ್ಕೆ ಇಳಿದಿದ್ದರೆ ಗಾಬರಿ ಬೇಡ, ಅದು ಕೆಲಸ ನಡೆಯುತ್ತಿರುವ ಗುರುತು. ಮತ್ತೆ 12ಕ್ಕೆ ಏರಿಸಿ. ಮೊದಲ ದಿನ ಎಷ್ಟು ಸಲ ಆದೀತೋ ಅಷ್ಟು ಸಲ, ಆಮೇಲೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಒಂದು ಮೋಸ ಗಮನಿಸಿ: ಕ್ಲೋರಿನ್ ಬಹಳ ಏರಿದಾಗ ಕೆಲವು ಕಿಟ್‌ಗಳಲ್ಲಿ ಮೂಡಿದ ಗುಲಾಬಿ ಬಣ್ಣವೇ ಬಿಳಿಚಿಹೋಗಿ ಸೊನ್ನೆ ಇದ್ದಂತೆ ಕಾಣುತ್ತದೆ. ಅನುಮಾನವಿದ್ದರೆ ಕೊಳದ ನೀರಿಗೆ ಅಷ್ಟೇ ಕುಡಿಯುವ ಬಾಟಲಿ ನೀರು ಬೆರೆಸಿ ಅಳೆದು, ಬಂದದ್ದನ್ನು ಎರಡರಿಂದ ಗುಣಿಸಿ.

ದಿನಕ್ಕೊಮ್ಮೆಯಾದರೂ ಬ್ರಷ್ ಹಾಕಿ ಉಜ್ಜಿ. ಏಣಿಯ ಹಿಂಬದಿ, ದೀಪದ ಸುತ್ತ, ಮೆಟ್ಟಿಲ ಮೂಲೆ, ಪಾಚಿ ಅಡಗುವುದು ಅಲ್ಲೆಲ್ಲ. ಫಿಲ್ಟರ್ ಹಗಲೂ ರಾತ್ರಿ ಓಡಲಿ. ಅದರ ಒತ್ತಡ ಶುಚಿಯಾಗಿದ್ದಾಗಿನದಕ್ಕಿಂತ ಕಾಲು ಭಾಗ ಏರಿದರೆ ಬ್ಯಾಕ್‌ವಾಷ್ ಮಾಡಿ, ಅಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ಫಿಲ್ಟರ್ ತೊಳೆಯಿರಿ.

ಹಸಿರು ಹೋಗಿ ನೀರು ಹಾಲು ಬೆರೆಸಿದಂತಾಗುವ ಹೊತ್ತಿಗೆ ತಾಳ್ಮೆ ಕೆಡುತ್ತದೆ. ನೀರು ತಿಳಿಯಾಗಿಸುವ ಇನ್ನೊಂದು ಬಾಟಲಿ ತರೋಣ ಅನ್ನಿಸುತ್ತದೆ. ಬೇಡ. ಹಾಲಿನಂತೆ ಕಾಣುವುದು ಸತ್ತ ಪಾಚಿ, ಅದನ್ನು ಫಿಲ್ಟರ್ ಹಿಡಿದುಕೊಳ್ಳುತ್ತದೆ. ಕೊಳದ ತಳ ಕಾಣುವವರೆಗೆ ಯಾರನ್ನೂ ನೀರಿಗಿಳಿಸಬೇಡಿ. ಮುಳುಗಿದವರು ಮೇಲಿನಿಂದ ಕಾಣುವುದಿಲ್ಲ.

ನಾಲ್ಕು: ಮುಗಿಯಿತೇ? ಸೂರ್ಯ ಮುಳುಗಿದ ಮೇಲೊಮ್ಮೆ, ಹುಟ್ಟುವ ಮುನ್ನ ಇನ್ನೊಮ್ಮೆ ಕ್ಲೋರಿನ್ ಅಳೆಯಿರಿ. ರಾತ್ರಿ ಬಿಸಿಲಿಲ್ಲ, ಹಾಗಾಗಿ ಇಳಿಕೆ 1 ಪಿಪಿಎಂ ಮೀರಿದರೆ ಪಾಚಿ ಇನ್ನೂ ಜೀವಂತ. ಕೊಳೆಯ ಜೊತೆ ಬೆಸೆದುಕೊಂಡ ಕ್ಲೋರಿನ್ 0.5 ಪಿಪಿಎಂ ಒಳಗಿದ್ದು, ನೀರೂ ತಿಳಿಯಾಗಿದ್ದರೆ ನಿಲ್ಲಿಸಬಹುದು.

ಐದು: ದಿನನಿತ್ಯ. ಕ್ಲೋರಿನ್ 4 ಪಿಪಿಎಂ ಆಸುಪಾಸಿಗೆ ಇಳಿದ ಮೇಲೆ ಈಜಿ. ಸ್ಟೆಬಿಲೈಸರ್ 40 ಇದ್ದರೆ 3ಕ್ಕಿಂತ ಕೆಳಗಿಳಿಸಬೇಡಿ. ಪಿಎಚ್ 7.2ರಿಂದ 7.8. ಕೊಳದಿಂದ ಮೂಗಿಗೆ ರಾಚುವ ವಾಸನೆ ಬಂದರೆ ಕ್ಲೋರಿನ್ ಜಾಸ್ತಿಯಾಯಿತೆಂದು ಕಡಿಮೆ ಮಾಡುವವರಿದ್ದಾರೆ. ಅದು ಬೆವರು, ಮೂತ್ರಗಳ ಜೊತೆ ಬೆಸೆದುಕೊಂಡ ಕ್ಲೋರಿನ್ನಿನ ವಾಸನೆ. ಆಗ ಇನ್ನಷ್ಟು ಹಾಕಬೇಕು.

ಕೆಲವು ದಿನ ಮನೆ ಬಿಟ್ಟು ಹೋಗುವಾಗ ತೇಲುವ ಡಬ್ಬಿಯಲ್ಲಿ ಒಂದೆರಡು ಮಾತ್ರೆ ಇಟ್ಟರೆ ಅಡ್ಡಿಯಿಲ್ಲ. ಆದರೆ ಆ ಡಬ್ಬಿಯಲ್ಲಿ ಹಿಂದೆ ಕ್ಯಾಲ್ಸಿಯಂ ಹೈಪೊಕ್ಲೋರೈಟ್ ಎಂಬ ಇನ್ನೊಂದು ಬಗೆಯ ಕ್ಲೋರಿನ್ ಪುಡಿ ಇತ್ತೆಂದಾದರೆ ಹೊಸ ಡಬ್ಬಿಯನ್ನೇ ತನ್ನಿ: ಆ ಪುಡಿಯೂ ಈ ಮಾತ್ರೆಯೂ ಸೇರಿದರೆ ಬೆಂಕಿ ಹೊತ್ತಿಕೊಳ್ಳಬಹುದು, ಸಿಡಿಯಲೂಬಹುದು.