ಕಾಡಿನ ತುಂಡೊಂದನ್ನು ಅಳೆದು ನೋಡುವ ಬಗೆ

"ಇಲ್ಲಿ ಇನ್ನೂ ಇಷ್ಟೊಂದು ಮರ ಇವೆಯಲ್ಲ, ಪ್ರಾಣಿಗಳಿಗೇನು ಕಷ್ಟ?" ಹಕ್ಕಿ ನೋಡುವ ಚಟದವನಾದ ನನಗೆ ಈ ಪ್ರಶ್ನೆ ಆಗಾಗ ಬರುತ್ತದೆ. ಜತೆಗೆ ಬರುವ ಹೊಸಬರೂ ಮೊದಲು ಮರಗಳನ್ನೇ ನೋಡುತ್ತಾರೆ. ನನ್ನ ಪ್ರಕಾರ ಮರ ಆಮೇಲೆ. ಮೊದಲು ನೋಡಬೇಕಾದದ್ದು ತುಂಡಿನ ಆಕಾರ, ಅದರ ಅಂಚು, ಪಕ್ಕದ ತುಂಡಿಗೆ ದಾರಿ ಉಳಿದಿದೆಯೋ ಇಲ್ಲವೋ ಅನ್ನುವುದು. ನಿಮ್ಮ ಹತ್ತಿರ ಒಂದು ಕಾಡಿನ ತುಂಡು, ಕುರುಚಲು ಅಥವಾ ಹುಲ್ಲುಗಾವಲು ಇದ್ದರೆ ನೀವೇ ಈ ಕೆಲಸ ಮಾಡಬಹುದು.

ಮೊದಲ ಹೆಜ್ಜೆ ಮನೆಯಲ್ಲೇ ಕೂತು ಮಾಡುವಂಥದ್ದು. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಚಿತ್ರ ನೋಡುವ ಸೌಲಭ್ಯ ಇದೆ. ಅದರಲ್ಲಿ ನಿಮ್ಮ ಜಾಗವನ್ನು ಹುಡುಕಿ, ಹಿಂದಕ್ಕೆ ಹೋಗಿ. ಇನ್ನೂ ಹಿಂದಿನದು ಬೇಕಿದ್ದರೆ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳು ಉಚಿತವಾಗಿ ಸಿಗುತ್ತವೆ. ಈ ಸರಣಿಯ ಮೊದಲ ಉಪಗ್ರಹ ಹಾರಿದ್ದು 1972ರಲ್ಲಿ. ಒಂದು ಎಚ್ಚರಿಕೆ: ಮಳೆಗಾಲದ ಚಿತ್ರವನ್ನು ಬೇಸಿಗೆಯ ಚಿತ್ರದ ಪಕ್ಕ ಇಟ್ಟು "ಅಯ್ಯೋ, ಕಾಡೇ ಹೋಯ್ತು" ಅನ್ನಬೇಡಿ. ಒಂದೇ ಋತುವಿನ ಚಿತ್ರಗಳನ್ನೇ ಹೋಲಿಸಿ. ಕಾಡು ಎಲ್ಲಿ ಎಷ್ಟಿದೆ ಅಂತ ನಕ್ಷೆಯಲ್ಲಿ ತೋರಿಸುವ ಗ್ಲೋಬಲ್ ಫಾರೆಸ್ಟ್ ವಾಚ್ ತಾಣವೂ ಒಳ್ಳೆಯದೇ. ಆದರೆ ಅದು ಸಾಲಾಗಿ ನೆಟ್ಟ ಒಂದೇ ಜಾತಿಯ ನೆಡುತೋಪನ್ನೂ ಹಸಿರು ಅಂತಲೇ ಲೆಕ್ಕ ಹಾಕುತ್ತದೆ. ಹಾಗಾಗಿ ಅಲ್ಲಿ ಹಸಿರು ಕಂಡ ಕೂಡಲೇ ಖುಷಿಪಡುವ ಹಾಗಿಲ್ಲ.

ಈಗ ಸ್ವಲ್ಪ ಲೆಕ್ಕ. ಇದನ್ನು ದಯವಿಟ್ಟು ಬಿಡಬೇಡಿ, ಕಣ್ಣು ತೆರೆಸುವುದೇ ಇದು. ಕಾಡಿನ ಅಂಚಿನಲ್ಲಿ ಬಿಸಿಲು, ಗಾಳಿ, ಒಣಹವೆ ಒಳಗೆ ನುಗ್ಗುತ್ತವೆ. ಅವುಗಳ ಪ್ರಭಾವ 100 ಮೀಟರ್ ಒಳಗಿನವರೆಗೆ ಅಂತ ಇಟ್ಟುಕೊಳ್ಳಿ. ಒಂದು ಕಿಲೋಮೀಟರ್ ಉದ್ದ, ಒಂದು ಕಿಲೋಮೀಟರ್ ಅಗಲದ ಚೌಕ ಅಂದರೆ 100 ಹೆಕ್ಟೇರ್. ನಾಲ್ಕೂ ಕಡೆ ನೂರು ನೂರು ಮೀಟರ್ ಕಳೆದರೆ ನಿಜವಾದ ಒಳಗಾಡು 64 ಹೆಕ್ಟೇರ್ ಉಳಿಯುತ್ತದೆ. 10 ಹೆಕ್ಟೇರಿನ ಚೌಕದಲ್ಲಿ ಉಳಿಯುವುದು ಒಂದು ಹೆಕ್ಟೇರ್, ಮೇಲೆ ಚೂರು. ಇನ್ನು ಅದೇ 100 ಹೆಕ್ಟೇರ್ 5 ಕಿಲೋಮೀಟರ್ ಉದ್ದ, 200 ಮೀಟರ್ ಅಗಲದ ಪಟ್ಟಿಯಾಗಿದ್ದರೆ? ಸೊನ್ನೆ. ಪೂರ್ತಿ ಅಂಚೇ. "ಬರೀ ಒಂದು ರಸ್ತೆ ತಾನೇ, ಎಷ್ಟು ಮರ ಹೋಗುತ್ತೆ?" ಅನ್ನುವವರಿಗೆ ನಾನು ತೋರಿಸುವುದು ಈ ಲೆಕ್ಕವನ್ನೇ. ರಸ್ತೆ ತಿನ್ನುವ ಜಾಗ ಕಡಿಮೆ. ಅದು ಹುಟ್ಟಿಸುವ ಹೊಸ ಅಂಚು ಜಾಸ್ತಿ.

ಇದು ಬರೀ ಕಾಗದದ ಲೆಕ್ಕ ಅಲ್ಲ. ಬ್ರೆಜಿಲ್‌ನ ಮನಾಸ್ ಹತ್ತಿರ 1979ರಲ್ಲಿ ಜೀವವಿಜ್ಞಾನಿ ಥಾಮಸ್ ಲವ್‌ಜಾಯ್ ಒಂದು ದೊಡ್ಡ ಪ್ರಯೋಗ ಶುರು ಮಾಡಿದರು. ಅಮೆಜಾನ್ ಕಾಡಿನಲ್ಲಿ 1, 10, 100 ಹೆಕ್ಟೇರ್ ತುಂಡುಗಳನ್ನು ಬಿಟ್ಟು ಸುತ್ತ ಕಡಿದಾಗ ಏನಾಗುತ್ತದೆ ಅಂತ ನೋಡುವುದು. ಅಂಚಿನ ದೊಡ್ಡ ಮರಗಳು ಒಣಗಿ ಬಿದ್ದವು. ಇರುವೆ ದಂಡಿನ ಹಿಂದೆ ಹೋಗಿ ಹುಳ ತಿನ್ನುವ ಹಕ್ಕಿಗಳು ಸಣ್ಣ ತುಂಡುಗಳಿಂದ ಮಾಯವಾದವು. ನನಗೆ ತುಂಬ ಕಾಡುವುದು ಅಲ್ಲಿನ ಕಪ್ಪೆಗಳ ಕತೆ. ಪೆಕರಿ ಅನ್ನುವ ಕಾಡುಹಂದಿಯಂಥ ಪ್ರಾಣಿ ಕೆಸರಲ್ಲಿ ಹೊರಳಾಡಿ ಮಾಡಿದ ಗುಂಡಿಗಳಲ್ಲಿ ಕೆಲವು ಕಪ್ಪೆಗಳು ಮೊಟ್ಟೆ ಇಡುತ್ತಿದ್ದವು. ಸಣ್ಣ ತುಂಡುಗಳಲ್ಲಿ ಪೆಕರಿ ಉಳಿಯಲಿಲ್ಲ, ಗುಂಡಿಗಳೂ ಇಲ್ಲವಾದವು, ಕಪ್ಪೆಗಳೂ ಹೋದವು. ಒಂದೊಂದು ಮರ ಎಣಿಸಿದ್ದರೂ ಈ ಸಂಗತಿ ಸಿಗುತ್ತಿರಲಿಲ್ಲ.

ಲೆಕ್ಕ ಆದಮೇಲೆ ಅಂಚಿನ ಉದ್ದಕ್ಕೂ ನಡೆಯಿರಿ. ಬೆಳಗ್ಗೆ ಬೇಗ ಹೋಗಿ, ಮಾತು ಕಡಿಮೆ ಇರಲಿ. ಹಕ್ಕಿಯ ಕೂಗನ್ನು ಫೋನಿನಲ್ಲಿ ಹಾಕಿ ಕರೆಯುವ ಕೆಟ್ಟ ಅಭ್ಯಾಸ ಬೇಡ, ಮರಿ ಮಾಡುವ ಕಾಲದಲ್ಲಂತೂ ಬೇಡವೇ ಬೇಡ. ಅಂಚಿನಲ್ಲಿ ಕಳೆಗಿಡ ಎಷ್ಟು ಒಳಗೆ ಹೋಗಿದೆ ನೋಡಿ. ಒಳಗೆ ಹೋದಂತೆ ನೆಲದ ತರಗೆಲೆ ತೇವವಾಗಿದೆಯಾ? ಪೊಟರೆ ಇರುವ ಹಳೆಯ ಮರ, ನಿಂತಲ್ಲೇ ಒಣಗಿದ ಮರ ಎಷ್ಟಿವೆ? ಗೂಬೆ, ಮರಕುಟಿಗ, ಬಾವಲಿಗಳಿಗೆ ಮನೆ ಅಲ್ಲೇ. ಹೊಸದಾಗಿ ನೆಟ್ಟ ಗಿಡ ಪೊಟರೆಯ ಮರ ಆಗಲು ಹತ್ತಾರು ವರ್ಷ ಬೇಕು.

ಆಮೇಲೆ ಯಾರು ಹೋದರು ಅಂತ ಹುಡುಕುವ ಮೊದಲು ಯಾರು ಬಂದರು ಅಂತ ನೋಡಿ. ಇಲ್ಲದ್ದನ್ನು ಕಾಣುವುದು ಕಷ್ಟ, ಬಂದವರು ಸುಲಭವಾಗಿ ಕಾಣುತ್ತಾರೆ. ಕಾಗೆ, ಇಲಿ, ಪಾರಿವಾಳದಂಥ ಎಲ್ಲಿ ಬೇಕಾದರೂ ಬದುಕುವ ಜೀವಿಗಳು ಒಳಗಾಡಿನಲ್ಲೂ ಸಿಕ್ಕರೆ ಅದು ಒಳ್ಳೆಯ ಸುದ್ದಿ ಅಲ್ಲ. ಥಾಯ್ಲೆಂಡಿನ ಚಿಯೋ ಲಾನ್ ಜಲಾಶಯ 1980ರ ದಶಕದಲ್ಲಿ ತುಂಬಿದಾಗ ಬೆಟ್ಟಗಳ ತುದಿಗಳು ದ್ವೀಪಗಳಾದವು. ಸುಮಾರು 25 ವರ್ಷಗಳಲ್ಲಿ ಆ ದ್ವೀಪಗಳ ಸಣ್ಣ ಸಸ್ತನಿಗಳು ಹೆಚ್ಚುಕಮ್ಮಿ ಅಳಿದವು. ಅವುಗಳ ಜಾಗವನ್ನು ಒಂದು ಜಾತಿಯ ಇಲಿ ಹಿಡಿಯಿತು.

ವರ್ಷಗಳ ಈ ಅಂತರ ಮುಖ್ಯ. ಜಾಗ ಕಿರಿದಾದ ದಿನವೇ ಪ್ರಾಣಿಗಳು ಸಾಯುವುದಿಲ್ಲ. ಹೆಚ್ಚು ಕಾಲ ಬದುಕುವವು ಇರುತ್ತವೆ, ಕಾಣುತ್ತಲೂ ಇರುತ್ತವೆ, ಆದರೆ ಮರಿ ಉಳಿಯುವುದಿಲ್ಲ. ಹಾಗಾಗಿ "ಮೊನ್ನೆ ಕೂಡ ನೋಡಿದೆ" ಅನ್ನುವುದು ಸಾಕಾಗದು. ಮರಿ, ಗೂಡು, ಪುಟ್ಟ ಹೆಜ್ಜೆಗುರುತು ಕಂಡರೆ ಅದನ್ನು ಬೇರೆಯಾಗಿ ಬರೆದಿಡಿ.

ದಾರಿ ಹುಡುಕುವುದು ಕೊನೆಗೆ. ತುಂಡಿನಿಂದ ತುಂಡಿಗೆ ಪ್ರಾಣಿಗಳು ಎಲ್ಲಿ ದಾಟುತ್ತವೆ? ಹಳ್ಳದ ಸಾಲು, ಬೇಲಿಯ ಸಂದು, ರಸ್ತೆ ಕೆಳಗಿನ ಮೋರಿ, ಇವೆಲ್ಲ ನೋಡಿ. ರಸ್ತೆಯಲ್ಲಿ ಸತ್ತ ಪ್ರಾಣಿ ಕಂಡರೆ ಬೇಜಾರಾಗುತ್ತದೆ, ನಿಜ. ಆದರೂ ಜಾಗ, ದಿನಾಂಕ, ಫೋಟೋ ದಾಖಲಿಸಿ. ಒಂದೇ ತಿರುವಿನಲ್ಲಿ ಮತ್ತೆ ಮತ್ತೆ ಸಿಕ್ಕರೆ ಅದೇ ಅವುಗಳ ದಾಟುದಾರಿ. ಕೆನಡಾದ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದಲ್ಲಿ ಹೆದ್ದಾರಿಗೆ ಬೇಲಿ ಹಾಕಿ, ಮೇಲೂ ಕೆಳಗೂ ಪ್ರಾಣಿಗಳಿಗೆ ದಾರಿ ಮಾಡಿಕೊಟ್ಟ ಮೇಲೆ ವಾಹನಕ್ಕೆ ಸಿಕ್ಕಿ ಸಾಯುವುದು 80 ಶೇಕಡಕ್ಕಿಂತ ಜಾಸ್ತಿ ಇಳಿಯಿತು. ಗ್ರಿಜ್ಲಿ ಕರಡಿಗಳು ಮಾತ್ರ ಆ ದಾರಿಗೆ ಒಗ್ಗಿಕೊಳ್ಳಲು ವರ್ಷಗಳೇ ಹಿಡಿದವು. ಹೊಸ ದಾರಿಯನ್ನು ಮೊದಲ ವರ್ಷವೇ "ಯಾರೂ ಬಳಸುತ್ತಿಲ್ಲ" ಅಂತ ತಳ್ಳಿಹಾಕಬಾರದು ಅನ್ನುವುದು ಅದಕ್ಕೇ.

ನೋಡಿದ್ದನ್ನು ಇ-ಬರ್ಡ್ (ಹಕ್ಕಿಗಳಿಗೆ) ಅಥವಾ ಐ-ನ್ಯಾಚುರಲಿಸ್ಟ್ (ಎಲ್ಲ ಜೀವಿಗಳಿಗೆ) ಅನ್ನುವ, ಯಾರು ಬೇಕಾದರೂ ದಾಖಲಿಸಬಹುದಾದ ತಾಣಗಳಲ್ಲಿ ಹಾಕಿ. ಗೂಡಿನ, ಬಿಲದ ನಿಖರ ಜಾಗ ಮಾತ್ರ ಮುಚ್ಚಿಡಿ, ಬೇಟೆಯವರೂ ಇಂಟರ್‌ನೆಟ್ ನೋಡುತ್ತಾರೆ.

ಗಿಡ ನೆಡುವ ಉತ್ಸಾಹದವರು ನಿಮ್ಮ ಹುಲ್ಲುಗಾವಲಿಗೆ ಬಂದರೆ ಮೊದಲು ತಡೆದು ಮಾತಾಡಿ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗೆ ಅಲ್ಲಿ ಮರ ಬಂದರೆ ನೆಲೆ ಹೋದಂತೆಯೇ. ಖಾಲಿ ಜಾಗ ಅಂತ ನಾವು ಸುಮ್ನೆ ಅಂದುಕೊಂಡಿರುತ್ತೇವೆ ಅಷ್ಟೆ.

ರಸ್ತೆಯೋ ಕಟ್ಟಡವೋ ಬರುತ್ತದೆ ಅಂತಾದಾಗ ಆಕ್ಷೇಪಣೆ ಬರೆಯಬೇಕಾಗುತ್ತದೆ. ಆಗ ಪ್ರಕೃತಿ ಮಾತೆಯ ಬಗ್ಗೆ ಎರಡು ಪುಟ ಬರೆಯಬೇಡಿ, ಯಾರೂ ಓದುವುದಿಲ್ಲ. ಹಳೆಯ ಮತ್ತು ಹೊಸ ಚಿತ್ರ, ಒಳಗಾಡಿನ ಲೆಕ್ಕ ಯೋಜನೆಗೆ ಮೊದಲು ಎಷ್ಟು ಮತ್ತು ಆಮೇಲೆ ಎಷ್ಟು, ದಾಟುದಾರಿಗಳ ನಕ್ಷೆ, ಮರಿ ಕಂಡ ದಿನಾಂಕಗಳು. ಇಷ್ಟನ್ನು ಒಂದು ಹಾಳೆಯಲ್ಲಿ ಹಾಕಿ, ಬೇಡಿಕೆಯನ್ನು ಮೇಲೆಯೇ ಬರೆಯಿರಿ: ರಸ್ತೆಯನ್ನು ನಡುವೆ ಬೇಡ, ಅಂಚಿನಲ್ಲಿ ತನ್ನಿ, ಮೋರಿಯನ್ನು ದೊಡ್ಡದು ಮಾಡಿ, ರಾತ್ರಿ ದೀಪ ಕಾಡಿನ ಕಡೆ ತಿರುಗದಿರಲಿ. ಆಕ್ಷೇಪಣೆ ತಲುಪಿದ್ದಕ್ಕೆ ಸಹಿ, ಮೊಹರು ಇರುವ ಪ್ರತಿ ಇಟ್ಟುಕೊಳ್ಳಿ.