ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಲೆಕ್ಕ ಕೊಡುತ್ತಿಲ್ಲವೇ? ದೂರು ಎಲ್ಲಿಗೆ, ಹೇಗೆ

ದೂರು ಬರೆಯುವ ಮೊದಲು ಅಸೋಸಿಯೇಷನ್ ಯಾವ ಕಾಯ್ದೆಯಡಿ ನೋಂದಣಿಯಾಗಿದೆ ಎಂದು ನೋಡಿ. ಕರ್ನಾಟಕದಲ್ಲಿ ಮೂರು ಕಾಯ್ದೆಗಳು ಬಳಕೆಯಲ್ಲಿವೆ. ದೂರು ಕೇಳುವವರೂ ಬೇರೆ ಬೇರೆ. ತಪ್ಪು ಕಚೇರಿಗೆ ಹೋದ ಅರ್ಜಿ ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಹಿಂಬರಹದೊಂದಿಗೆ ವಾಪಸ್ಸಾಗುತ್ತದೆ.

ಮೊದಲು ಕಾರ್ಯದರ್ಶಿಗೆ ಲಿಖಿತ ಪತ್ರ ಕೊಡಿ. ಯಾವ ವರ್ಷದ ಲೆಕ್ಕ, ಯಾವ ಬಿಲ್ಲು, ಬೈಲಾದ (ಸಂಘದ ಒಳ ನಿಯಮಾವಳಿ) ಯಾವ ನಿಯಮ ಎಂದು ಹೆಸರಿಸಿ, ಸ್ವೀಕೃತಿ ಪಡೆಯಿರಿ. ವಾಟ್ಸ್‌ಆ್ಯಪ್ ಗುಂಪಿನ ಜಗಳ ದಾಖಲೆಯಾಗಿ ಹೆಚ್ಚು ತೂಗುವುದಿಲ್ಲ.

1960ರ ಸಂಘಗಳ ನೋಂದಣಿ ಕಾಯ್ದೆಯಡಿ ಇದ್ದರೆ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ 25ನೇ ಕಲಂ ಅಡಿ ಅರ್ಜಿ ಕೊಡಿ. ಅಧಿಕಾರಿ ಸ್ವಯಂಪ್ರೇರಿತವಾಗಿ ವಿಚಾರಣೆ ನಡೆಸಬಹುದು. ಮೂರನೇ ಒಂದು ಭಾಗದಷ್ಟು ಸದಸ್ಯರು ಕೇಳಿದರೆ ನಡೆಸಲೇಬೇಕು. ಅಂದರೆ 120 ಸದಸ್ಯರಿದ್ದರೆ 40 ಸಹಿ. ಎಡವುವುದು ಇಲ್ಲೇ: ಬಾಡಿಗೆದಾರರ ಸಹಿ ಲೆಕ್ಕಕ್ಕಿಲ್ಲ, ಸದಸ್ಯರ ಪುಸ್ತಕದಲ್ಲಿ ಹೆಸರಿರಬೇಕು. ನಾಲ್ಕೈದು ಸಹಿ ಹೆಚ್ಚೇ ಇಟ್ಟುಕೊಳ್ಳಿ. ಒತ್ತಡಕ್ಕೆ ಮಣಿದು ಹಿಂದೆ ಸರಿಯುವವರು ಇದ್ದೇ ಇರುತ್ತಾರೆ. ಪ್ರತಿ ಸಹಿಯ ಮುಂದೆ ಫ್ಲ್ಯಾಟ್ ಸಂಖ್ಯೆ ಬರೆಸಿ. ಫ್ಲ್ಯಾಟ್ ಮಾಲೀಕರ ಸಂಘಕ್ಕೆ ಈ ಕಾಯ್ದೆ ಹೊಂದುತ್ತದೆಯೇ ಎಂಬ ಪ್ರಶ್ನೆ ಹೈಕೋರ್ಟ್‌ವರೆಗೂ ಹೋಗಿದೆ. ಎದುರು ವಕೀಲರು ಅದನ್ನು ಎತ್ತಬಹುದು.

1959ರ ಸಹಕಾರ ಸಂಘಗಳ ಕಾಯ್ದೆಯಡಿ ಇದ್ದರೆ 70ನೇ ಕಲಂ ಅಡಿ ವ್ಯಾಜ್ಯ ಸಹಕಾರ ಸಂಘಗಳ ನಿಬಂಧಕರ (ರಿಜಿಸ್ಟ್ರಾರ್) ಮುಂದೆಯೇ. ಸಂಘದ ಆಡಳಿತ, ಚುನಾವಣೆ ವಿಷಯಗಳನ್ನು ನೇರ ಸಿವಿಲ್ ಕೋರ್ಟಿಗೆ ಒಯ್ದರೆ ನಿಲ್ಲದು.

1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಲ್ಲಿ ಹೀಗೆ ವ್ಯಾಜ್ಯ ಬಗೆಹರಿಸುವ ನಿಬಂಧಕರೇ ಇಲ್ಲ. ಇದು ಕಾಯ್ದೆಯ ದೊಡ್ಡ ಕೊರತೆ. ಘೋಷಣಾ ಪತ್ರ (ಕಟ್ಟಡವನ್ನು ಈ ಕಾಯ್ದೆಗೆ ಒಳಪಡಿಸುವ ದಾಖಲೆ), ಬೈಲಾಗಳ ದೃಢೀಕೃತ ನಕಲನ್ನು ಉಪನೋಂದಣಾಧಿಕಾರಿ ಕಚೇರಿಯಿಂದ ಪಡೆದು ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಬೇಕು. ನೀರು ನಿಲ್ಲಿಸಿದಂಥ ತುರ್ತಿದ್ದರೆ ದಾವೆಯ ಜೊತೆಗೇ ಮಧ್ಯಂತರ ಆದೇಶ ಕೇಳಿ.

ಯಾವ ದಾರಿಯಾದರೂ ಸಿಟ್ಟಿಗೆ ಮೇಂಟೆನೆನ್ಸ್ ನಿಲ್ಲಿಸಬೇಡಿ. 1972ರ ಕಾಯ್ದೆಯಲ್ಲಿ ಬಾಕಿ ಫ್ಲ್ಯಾಟಿನ ಮೇಲೆಯೇ ಋಣಭಾರವಾಗುತ್ತದೆ. ‘ಈಜುಕೊಳ ಬಳಸುವುದಿಲ್ಲ’ ಎಂದರೂ ಬಿಡುಗಡೆಯಿಲ್ಲ. ‘ಆಕ್ಷೇಪಣೆಗೆ ಒಳಪಟ್ಟು ಪಾವತಿ’ ಎಂದು ಬರೆದು ಕಟ್ಟಿ.

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಈ ಒಳಜಗಳಗಳಿಗಲ್ಲ. ಬಿಲ್ಡರ್ ದಾಖಲೆ ಹಸ್ತಾಂತರಿಸದಿದ್ದರೆ, ಸಾಮಾನ್ಯ ಜಾಗ ಬರೆದುಕೊಡದಿದ್ದರೆ, ಸ್ವಾಧೀನದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಅಲ್ಲಿಗೆ ಹೋಗಿ. ದೋಷವನ್ನು ಮೊದಲು ಬಿಲ್ಡರ್‌ಗೆ ಬರೆದು ತಿಳಿಸಿ. ಸರಿಪಡಿಸಲು ಅವರಿಗೆ 30 ದಿನಗಳ ಅವಕಾಶವಿದೆ.